ಪಟ್ಟಿಯಿಂದ ಹೊರಗುಳಿದ ಆನೆ

ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪಳಗಿಸಿ ಪ್ರದರ್ಶಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ಪ್ರಶ್ನಿಸಿದಾಗ 2000ದಲ್ಲಿ ಕೇರಳ ಹೈಕೋರ್ಟ್, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಡೇರೆಗಳಿಂದ ಬಿಡುಗಡೆಯಾದ ಎಷ್ಟೋ ಹುಲಿ, ಸಿಂಹಗಳು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದವು. ಆದರೆ ಆ ಪಟ್ಟಿಯಲ್ಲಿ ಆನೆಯ ಹೆಸರಿರಲಿಲ್ಲ. ಆನೆ ಸ್ಟೂಲಿನ ಮೇಲೆ ಕೂರುತ್ತಲೇ ಇತ್ತು, ಕ್ರಿಕೆಟ್ ಆಡುತ್ತಲೇ ಇತ್ತು.

ದಸರಾ ಸಮಯದಲ್ಲಿ ಮೈಸೂರಿಗೆ ಬರುತ್ತಿದ್ದ ಸರ್ಕಸ್ಸಿನ ಡೇರೆಯ ಹಿಂಭಾಗಕ್ಕೆ ಹೋದವರಿಗೆ ಆಟವಿಲ್ಲದ ವೇಳೆಯ ಆನೆ ಕಾಣಿಸುತ್ತಿತ್ತು. ಮುಂಗಾಲಿಗೊಂದು ಹಿಂಗಾಲಿಗೊಂದು ಸರಪಳಿ ಬಿಗಿಸಿಕೊಂಡು, ನಿಂತಲ್ಲೇ ಒಂದೇ ಸಮನೆ ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದ ಅದನ್ನು ತೋರಿಸಿ, ‘ನೋಡು, ಹಾಡಿಗೆ ತಲೆದೂಗುತ್ತಿದೆ’ ಎಂದು ಮಕ್ಕಳನ್ನು ನಗಿಸುತ್ತಿದ್ದ ಹಿರಿಯರನ್ನು ಕಂಡಿದ್ದೇನೆ. ಅದು ಬಂಧನದ ಬದುಕು ತಂದೊಡ್ಡುವ ಮಾನಸಿಕ ಯಾತನೆಯ ಲಕ್ಷಣ.

ಚಾವಟಿ, ಅಂಕುಶಗಳ ಮಾತನ್ನು ಪಕ್ಕಕ್ಕಿಟ್ಟರೂ, ಊರೂರು ಅಲೆಯುವ ಆಟದಲ್ಲಿ ಕಾಡುಪ್ರಾಣಿಯನ್ನು ಚೆನ್ನಾಗಿ ನೋಡಿಕೊಳ್ಳಲು ಸಾಧ್ಯವೇ ಇಲ್ಲವೆಂಬುದು ನನ್ನ ವಾದ. ದಿನದ ಬಹುಪಾಲು ಮೇಯುತ್ತಾ ನಡೆಯುತ್ತಾ, ಬಂಧುಬಳಗದೊಡನೆ ಬಾಳುವ ಪ್ರಾಣಿಯನ್ನು ಲಾರಿಗೇರಿಸಿ ಒಂದು ಮೈದಾನದಿಂದ ಇನ್ನೊಂದಕ್ಕೆ ಸಾಗಿಸುವ ಮಾಲೀಕ ಎಷ್ಟೇ ಕರುಣಾಳುವಾದರೂ ಅದಕ್ಕೆ ಬೇಕಾದ ಜಾಗವನ್ನು ಎಲ್ಲಿಂದ ತಂದಾನು?

ಪ್ರಾಣಿಗಳನ್ನೇ ನಂಬಿ ಬದುಕುವವರ ಹೊಟ್ಟೆಪಾಡಿನ ಪ್ರಶ್ನೆ ಸಣ್ಣದಲ್ಲ. ಕರಡಿ ಕುಣಿಸುವವರು ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಭಯ ಬಿಡಿಸುತ್ತಿದ್ದುದು, ಅದರ ಕೂದಲನ್ನು ತಾಯತಕ್ಕೆಂದು ಮಾರುತ್ತಿದ್ದುದು ಹಳಬರಿಗೆ ನೆನಪಿದೆ. ಕಾದ ಸರಳಿನಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ. ಕರಡಿಗಳನ್ನು ಬಿಡಿಸಿದಾಗ ಅವನ್ನು ಕುಣಿಸುತ್ತಿದ್ದ ಕಲಂದರ ಸಮುದಾಯದ ಎಷ್ಟೋ ಕುಟುಂಬಗಳಿಗೆ ಬೇರೆ ಕಸುಬಿಗೆ ನೆರವು ಸಿಕ್ಕಿತು. ಅದೇ ದಾರಿ ಮಾವುತರಿಗೂ ತೆರೆದಿರಬೇಕು.

‘ಹಾಗಾದರೆ ಜಂಬೂಸವಾರಿ?’ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ದಸರಾ ಆನೆಗಳು ಮತ್ತಿಗೋಡು, ದುಬಾರೆಯಂತಹ ಶಿಬಿರಗಳಿಂದ ಬಂದು ಹಬ್ಬ ಮುಗಿದೊಡನೆ ಅಲ್ಲಿಗೇ ಮರಳುತ್ತವೆಂಬ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಆದರೂ 2024ರ ಸೆಪ್ಟೆಂಬರಿನಲ್ಲಿ ಧನಂಜಯ ಮತ್ತು ಕಂಜನ್ ಎಂಬ ದಸರಾ ಆನೆಗಳು ಕಾದಾಡುತ್ತಾ ಅರಮನೆಯ ಆವರಣ ದಾಟಿ ರಸ್ತೆಗೆ ಓಡಿಬಂದ ಮೇಲೆ, ನಮ್ಮ ಜನಜಂಗುಳಿ, ಫಿರಂಗಿ ಸದ್ದುಗಳ ಬಗ್ಗೆಯೂ ಪ್ರಶ್ನೆ ಎತ್ತದೆ ಇರಲಾಗದು.

ನನ್ನ ಹೆಚ್ಚಿನ ಆತಂಕ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯದು. ಮಾಲೀಕತ್ವದ ಪ್ರಮಾಣಪತ್ರವಿದ್ದವರು ಆನೆಯನ್ನು ಧಾರ್ಮಿಕ ಅಥವಾ ಇತರ ಯಾವುದೇ ಉದ್ದೇಶಕ್ಕೆ ಸಾಗಿಸಲು ಅದು ಅವಕಾಶ ಕೊಡುತ್ತದೆ. ಅಷ್ಟು ಅಗಲವಾದ ಬಾಗಿಲನ್ನು ಸಂಸತ್ತು ಮುಚ್ಚುವವರೆಗೆ, ಮೈದಾನಕ್ಕೆ ಅನುಮತಿ ನೀಡುವ ಮೈಸೂರು, ಮಂಡ್ಯದ ಸ್ಥಳೀಯ ಸಂಸ್ಥೆಗಳಾದರೂ ಯಾವುದೇ ಕಾಡುಪ್ರಾಣಿಯ ಪ್ರದರ್ಶನ ಇರಕೂಡದೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಲಿ.