ಟರ್ಬೊ ಹೋಯ್ತು ಅನ್ನೋ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ

ಇವತ್ತು ಬೆಳಿಗ್ಗೆ ನಮ್ಮ ಕೊಡಗಿನ ಗೋಣಿಕೊಪ್ಪದ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ಕಾರಿನ ಸುತ್ತ ನಾಲ್ಕೈದು ಜನ ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ಒಂದು ಲೀಟರ್, ಮೂರು ಸಿಲಿಂಡರ್, ಟರ್ಬೊ ಪೆಟ್ರೋಲ್. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ. ‘ಇಷ್ಟು ಸಣ್ಣ ಎಂಜಿನ್‌ಗೆ ಟರ್ಬೊ ಕೂರಿಸಿದ್ರೆ ಇನ್ನೇನಾಗುತ್ತೆ ಅಣ್ಣ, ಹಣೆಬರಹ’ ಅಂತ ಮೆಕ್ಯಾನಿಕ್ ತೀರ್ಪು ಕೊಟ್ಟಾಗಿತ್ತು. ಆಯಿಲ್ ಮಟ್ಟ ನೋಡುವ ಕಡ್ಡಿ, ಅದೇ ಡಿಪ್‌ಸ್ಟಿಕ್, ಎಳೆದು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಎಳೆದಾಗ ಅದಕ್ಕೆ ಅಂಟಿಕೊಂಡು ಬಂದದ್ದು ಆಯಿಲ್ ಅಲ್ಲ, ಡಾಂಬರು.

ಮಾರಾಯ್ರೆ, ಸಾಯಿಸಿದ್ದು ಯಾರು, ಬೈಸಿಕೊಳ್ಳೋದು ಯಾರು?

ಟರ್ಬೊದ ಶಾಫ್ಟ್ ಪೂರ್ತಿ ಜೋರಿನಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಒಂದು ತುದಿಗೆ ಬಡಿಯುವ ಹೊಗೆಯ ಬಿಸಿ 900 ಡಿಗ್ರಿ ದಾಟುತ್ತದೆ. ಬಹುಪಾಲು ಟರ್ಬೊಗಳಲ್ಲಿ ಆ ಶಾಫ್ಟನ್ನು ಹಿಡಿದಿರೋದು ಬಾಲ್ ಬೇರಿಂಗ್ ಅಲ್ಲ, ಆಯಿಲ್‌ನ ತೆಳು ಪದರ. ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಅಂದರೆ ಸಂಪಿನಲ್ಲಿರುವ ಮೂರೂವರೆ, ನಾಲ್ಕು ಲೀಟರ್ ಆಯಿಲ್ಲೇ ಪಿಸ್ಟನ್ನನ್ನೂ ನೋಡಿಕೊಳ್ಳಬೇಕು, ಟರ್ಬೊವನ್ನೂ ನೋಡಿಕೊಳ್ಳಬೇಕು. ಅದು ಸುಟ್ಟು ಇಂಗಾಲವಾದರೆ ಮೊದಲು ಕಟ್ಟಿಕೊಳ್ಳೋದು ಟರ್ಬೊಗೆ ಹೋಗುವ ಸಪೂರ ಆಯಿಲ್ ಪೈಪು.

ಮಿಲಿಟರಿ ಕ್ಯಾಂಟೀನ್ ಕೋಟಾದ ಮದ್ಯದ ಬಾಟಲಿಯ ಲೇಬಲ್ಲನ್ನು ಬೆಳಕಿಗೆ ಹಿಡಿದು ಓದುವ ನಮ್ಮ ಜನ, ಆಯಿಲ್ ಡಬ್ಬದ ಲೇಬಲ್ ಮಾತ್ರ ಓದಲ್ಲ. ತೋಟದ ಪಿಕಪ್‌ಗೆ ತಂದ 15ಡಬ್ಲ್ಯು-40 ಡೀಸೆಲ್ ಆಯಿಲ್ ಶೆಡ್ಡಿನಲ್ಲಿ ಮಿಕ್ಕಿರುತ್ತದೆ, ಅದನ್ನೇ ಟಾಪ್‌ಅಪ್ ಮಾಡ್ತಾರೆ. ‘ಆಯಿಲ್ ತಾನೆ?’ ಅಲ್ಲ. ಆ ನಂಬರು ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ. ಮ್ಯಾನುಯಲ್ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಅಂದರೆ ಅದೇ ಆಗಬೇಕು. ದಪ್ಪ ಆಯಿಲ್ ಚಳಿಯ ಬೆಳಿಗ್ಗೆ ಟರ್ಬೊ ತಲುಪೋದು ತಡವಾಗುತ್ತದೆ. ಜೊತೆಗೆ ಡೀಸೆಲ್ ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಸಾಮಾನ್ಯವಾಗಿ ಜಾಸ್ತಿ. ಸಿಲಿಂಡರಿನೊಳಗೆ ಸೇರಿದ ಆಯಿಲ್ ಹನಿ, ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಸಿಬಿಡುವುದಕ್ಕೆ ಈ ಕ್ಯಾಲ್ಸಿಯಂ ಕುಮ್ಮಕ್ಕು ಕೊಡುತ್ತದೆ. ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ ಇಗ್ನಿಷನ್) ಅನ್ನೋದು ಇದಕ್ಕೇ. ಏಟು ಬಿದ್ದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಒಡೆಯುತ್ತದೆ. 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಆಯಿಲ್ ಇದನ್ನೂ ತಡೆಯುವಂಥದ್ದು. ಡಬ್ಬದ ಹಿಂದೆ ‘ಎಸ್‌ಪಿ’ ಅಂತ ಎರಡಕ್ಷರ ಇದೆಯಾ ನೋಡಿ, ಮ್ಯಾನುಯಲ್‌ನಲ್ಲಿ ಕಂಪನಿ ತನ್ನದೇ ನಂಬರ್ ಕೊಟ್ಟಿದ್ದರೆ ಅದನ್ನೂ ನೋಡಿ.

ಇನ್ನು ಮೈಲೇಜ್ ವೀರರು. ಸಂಪಾಜೆ ಘಾಟಿಯನ್ನು ನಾಲ್ಕನೇ ಗೇರಿನಲ್ಲಿ, 1,300 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹತ್ತಿಸುವವರು. ಎಲ್‌ಎಸ್‌ಪಿಐಗೆ ಬೇಕಾದದ್ದೂ ಇದೇ: ಕಡಿಮೆ ಆರ್‌ಪಿಎಂ, ತುಂಬು ಭಾರ. ಎರಡಕ್ಕೋ ಮೂರಕ್ಕೋ ಇಳಿಸಿ 2,000ದಿಂದ 3,000ದೊಳಗೆ ಇಟ್ಟುಕೊಂಡರೆ ಎಂಜಿನ್ ಹಗುರಾಗಿ ಹತ್ತುತ್ತದೆ. ಉಳಿಸಿದ ಅರ್ಧ ಲೀಟರ್ ಪೆಟ್ರೋಲಿನಿಂದ ಪಿಸ್ಟನ್ ಬರಲ್ಲ.

ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು. ಹತ್ತಿದವರೇ ಪಾರ್ಕಿಂಗ್‌ನಲ್ಲಿ ಟಕ್ ಅಂತ ಆಫ್ ಮಾಡ್ತಾರೆ. ಕಾದ ಟರ್ಬೊದಲ್ಲಿ ಹರಿಯದೆ ನಿಂತ ಆಯಿಲ್ ಅಲ್ಲೇ ಸುಡುತ್ತದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಐದು ನಿಮಿಷ ಬಿಡಬೇಕು ಅನ್ನೋದು ಹಳೇ ಕಾಲದ ಮಾತು. ಈಗಿನ ಹೆಚ್ಚಿನ ಪೆಟ್ರೋಲ್ ಟರ್ಬೊಗಳ ಬೇರಿಂಗ್ ಸುತ್ತ ಎಂಜಿನ್ ತಣಿಸುವ ದ್ರವ, ಕೂಲಂಟ್ ಹರಿಯುತ್ತದೆ.

ಆದರೆ ನಮ್ಮ ಜಿಲ್ಲೆಯಲ್ಲಿ ಘಾಟಿಗಿಂತ ಹೆಚ್ಚು ಎಂಜಿನ್ ತಿನ್ನೋದು ಪುಟ್ಟ ಓಡಾಟ. ತೋಟದ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್, ಹಾಲು, ಪೇಪರ್, ವಾಪಸ್. ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಗೇ ಓಡಿದರೆ ಆಯಿಲ್ ಸರಿಯಾಗಿ ಬಿಸಿಯಾಗೋದೇ ಇಲ್ಲ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ತಣ್ಣಗಿರುವಾಗ ಸಿಲಿಂಡರ್ ಗೋಡೆಗೆ ತಾಗಿದ ಪೆಟ್ರೋಲ್ ರಿಂಗ್ ದಾಟಿ ಸಂಪಿಗೆ ಇಳಿಯುತ್ತದೆ, ತೇವವೂ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ಹೊಡೆದರೆ, ‘ನಮ್ಮ ಗಾಡಿ ಆಯಿಲೇ ಕುಡಿಯಲ್ಲ’ ಅಂತ ಬೀಗಬೇಡಿ, ಬದಲಾಯಿಸಿ. ಆಯಿಲ್ ಮುಚ್ಚಳದ ಕೆಳಗೆ ಬಿಳಿ ಕೆನೆ ಕಂಡ ಕೂಡಲೇ, ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಅದನ್ನು ಬಿಚ್ಚಿಸಲೂ ಹೋಗಬೇಡಿ. ಕೂಲಂಟ್ ಇಳಿಯುತ್ತಿಲ್ಲ ಅಂದರೆ ಮಳೆಗಾಲದಲ್ಲಿ ಅದು ಬಹುಮಟ್ಟಿಗೆ ತೇವ ಅಷ್ಟೇ. ವಾರಕ್ಕೊಮ್ಮೆ ಮಡಿಕೇರಿಯಿಂದ ಕುಶಾಲನಗರಕ್ಕೆ ಒಂದೇ ಓಟದಲ್ಲಿ ಹೋಗಿ ಬಂದರೆ ಆವಿಯಾಗಿ ಹೋಗುತ್ತದೆ.

ಆಯಿಲ್ ಬದಲಾಯಿಸೋದಕ್ಕೆ ಹಲವು ಮ್ಯಾನುಯಲ್‌ಗಳಲ್ಲಿ ಇರೋದು: 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆ ವಾಕ್ಯದ ಹಿಂಭಾಗ ಯಾರ ಕಣ್ಣಿಗೂ ಬೀಳಲ್ಲ. ‘ನಮ್ಮದು ಎರಡು ವರ್ಷದಲ್ಲಿ ಏಳು ಸಾವಿರವೂ ಓಡಿಲ್ಲ’ ಅಂತಾರೆ, ಹೆಮ್ಮೆಯಿಂದ! ಪುಟ್ಟ ಓಟದ ಗಾಡಿಗೆ ಆರು ತಿಂಗಳಿಗೊಮ್ಮೆ, ಉಳಿದವರಿಗೆ 7,500ಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್, ಎರಡೂ. ಇದು ನನ್ನ ಲೆಕ್ಕ, ಕಂಪನಿಯದಲ್ಲ.

‘ಹಾಗಾದರೆ ಫೋರ್ಡಿನ ಸಣ್ಣ ಟರ್ಬೊ ಎಂಜಿನ್ ಇಕೋಬೂಸ್ಟ್ ಯಾಕೆ ಕೈಕೊಟ್ಟಿತು?’ ಅಂತ ಯಾರೋ ಬಂದೇ ಬರುತ್ತೀರಿ. ಬನ್ನಿ. 2012ರಿಂದ 2014ರವರೆಗೆ ಸತತ ಮೂರು ವರ್ಷ ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್ ಗೆದ್ದ 999 ಸಿಸಿ ಎಂಜಿನ್ ಅದು, 2013ರಲ್ಲಿ ಇಕೋಸ್ಪೋರ್ಟ್‌ನಲ್ಲಿ ಇಲ್ಲಿಗೂ ಬಂತು. ಅದರ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಆಯಿಲ್‌ನಲ್ಲೇ ಮುಳುಗಿ ತಿರುಗುತ್ತದೆ. ತಪ್ಪು ಆಯಿಲ್ ಹಾಕಿದರೆ, ಪೆಟ್ರೋಲ್ ಬೆರೆತರೆ ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿ ಮುಚ್ಚುತ್ತದೆ, ಪ್ರೆಶರ್ ಬೀಳುತ್ತದೆ, ಟರ್ಬೊ ಒಣಗುತ್ತದೆ. ವಿನ್ಯಾಸ ನನಗೂ ಇಷ್ಟವಿಲ್ಲ. ಆದರೂ ನೋಡಿ, ಅಲ್ಲೂ ಕಥೆ ಬಂದು ನಿಲ್ಲೋದು ಆಯಿಲ್‌ನ ಹತ್ತಿರವೇ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಬೆಲ್ಟ್ ಒಣ ಬೆಲ್ಟ್, ಹ್ಯುಂಡೈ 1.0ಗೆ ಚೈನ್. ಎಲ್ಲವನ್ನೂ ಒಂದೇ ಗೋಣಿಗೆ ತುಂಬಬೇಡಿ.

ಟರ್ಬೊ ಇಲ್ಲದ ಎಂಜಿನ್ ಸರಳ, ಒಪ್ಪಿದೆ. ಹೋಗುವ ಭಾಗಗಳೇ ಕಡಿಮೆ. ಆದರೆ ಮಡಿಕೇರಿ ಇರೋದು 1,150 ಮೀಟರ್ ಸುಮಾರು ಎತ್ತರದಲ್ಲಿ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹನ್ನೆರಡು, ಹದಿಮೂರು ಶೇಕಡಾ ಕಡಿಮೆ, ಹೆಚ್ಚುಕಡಿಮೆ ಅಷ್ಟೇ ಶಕ್ತಿಯೂ ಕಡಿಮೆ. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಅದನ್ನು ಬಹುಪಾಲು ತುಂಬಿಕೊಡುತ್ತದೆ. 2023ರಲ್ಲಿ ಬಂದ ಮಾರುತಿ ಫ್ರಾಂಕ್ಸ್ ಕಾರನ್ನೇ ತೆಗೆದುಕೊಳ್ಳಿ: ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ನಿನ ಟಾರ್ಕ್ (ಎಳೆಯುವ ಬಲ) 113 ಎನ್‌ಎಂ, ಅದೂ 4,400 ಆರ್‌ಪಿಎಂನಲ್ಲಿ. 1.0 ಟರ್ಬೊದ್ದು 147.6, 2,000ದಿಂದಲೇ. ಐದು ಜನ ಕೂತು ಮಾಕುಟ್ಟ ಘಾಟಿ ಹತ್ತಿ, ಆಮೇಲೆ ಸರಳತೆಯ ಬಗ್ಗೆ ಮಾತಾಡೋಣ. (ನಿಜ ಹೇಳಬೇಕಂದ್ರೆ ಮೂರು ಸಿಲಿಂಡರಿನ ಐಡ್ಲಿಂಗ್ ನಡುಕ ನನಗೂ ಹಿಡಿಸಲ್ಲ. ಅದನ್ನು ಸಮರ್ಥಿಸೋಕೆ ನಾನಿಲ್ಲ.)

ಎಳೆತ ಕಡಿಮೆಯಾದ ಕೂಡಲೇ ಟರ್ಬೊ ಬಿಚ್ಚುವವರಿಗೊಂದು ಮಾತು. ಸ್ಕ್ಯಾನರ್‌ನಲ್ಲಿ ಪಿ0299 ಅನ್ನೋ ದೋಷದ ಕೋಡ್ ಬಂದರೆ ಅರ್ಥ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸಾಲುತ್ತಿಲ್ಲ ಅಂತ, ಟರ್ಬೊ ಸತ್ತಿದೆ ಅಂತಲ್ಲ. ಮೊದಲು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪು, ಕ್ಲಿಪ್ಪು ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವ್ಯಾಕ್ಯೂಮ್ ಪೈಪು, ವೈರು ನೋಡಿ. ಆಮೇಲೆ ಬೂಸ್ಟನ್ನು ಹಿಡಿತದಲ್ಲಿಡುವ ಡೈವರ್ಟರ್ ವಾಲ್ವ್, ವೇಸ್ಟ್‌ಗೇಟ್ ಆಕ್ಚುಯೇಟರ್. ಪೈಪಿನೊಳಗೆ ತೆಳುವಾಗಿ ಆಯಿಲ್ ಸವರಿದಂತಿದ್ದರೆ ಗಾಬರಿ ಬೇಡ. ಶಾಫ್ಟ್ ಅಡ್ಡಕ್ಕೆ ಕೂದಲೆಳೆಯಷ್ಟು ಅಲ್ಲಾಡೋದೂ ಸಹಜ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತ್ರ ಹೋಗಿದೆ.

ಹೋಗಿದ್ದರೂ ಹೊಸ ಟರ್ಬೊ ಕೂರಿಸಿ ಕೀ ತಿರುಗಿಸಿಬಿಡೋದಲ್ಲ. ಆಯಿಲ್ ಪೈಪ್ ಹೊಸದಾಗಬೇಕು, ತೊಳೆದದ್ದು ನಡೆಯಲ್ಲ. ಸಂಪ್ ಇಳಿಸಿ ಜಾಲರಿ ನೋಡಬೇಕು. ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ಬಸಿಯಬೇಕು. ಹೊಸ ಆಯಿಲ್, ಫಿಲ್ಟರ್ ಹಾಕಿ, ಟರ್ಬೊದ ಆಯಿಲ್ ತೂತಿಗೆ ಒಂದಿಷ್ಟು ಸುರಿದು ಕೈಯಲ್ಲೇ ತಿರುಗಿಸಿ, ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ರೇಸ್ ಮಾಡದೆ ಬಿಡಬೇಕು. ಇಷ್ಟು ಮಾಡದ ಗ್ಯಾರೇಜು ಹಾಕಿದ ಹೊಸ ಟರ್ಬೊ ಬೇಗ ಮತ್ತೆ ಸೀಟಿ ಊದುತ್ತದೆ, ಆಗ ‘ಪಾರ್ಟೇ ಡೂಪ್ಲಿಕೇಟ್ ಅಣ್ಣ’ ಅನ್ನೋ ಎರಡನೇ ತೀರ್ಪು ರೆಡಿ ಇರುತ್ತದೆ. ಬಿಲ್ಲಿನಲ್ಲಿ ಆಯಿಲ್ ಪೈಪಿನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ದುಡ್ಡು ಕೊಡೋ ಮೊದಲೇ ಕೇಳಿ.