ಇನ್ನೇನು ಬಂತು ಸಮುದ್ರ

ಬೇಸಿಗೆಯಲ್ಲಿ ಸಮುದ್ರ ನೋಡಬೇಕು ಅನಿಸಿದರೆ ನಾನು ರಸ್ತೆ ಹಿಡಿಯುವುದಿಲ್ಲ. ರಸ್ತೆಯಲ್ಲಿ ಹೋದರೆ ಅದು ಧುತ್ತೆಂದು ಎದುರು ನಿಲ್ಲುತ್ತದೆ, ಕರೆಯದೆ ಬಂದ ನೆಂಟನ ಹಾಗೆ. ಗದ್ದೆಯ ಬದುವಿನ ಮೇಲೆ ನಡೆದು ಹೋದರೆ ಸಮುದ್ರ ಸ್ವಲ್ಪ ಸ್ವಲ್ಪವೇ ಬರುತ್ತದೆ. ಬರುವ ಮುಂಚೆ ಚೆನ್ನಾಗಿ ಸತಾಯಿಸುತ್ತದೆ.

ಹೊರಟಾಗ ಸುತ್ತ ಬರೀ ಕೂಳೆ. ನೆಲ ಬಿರುಕು ಬಿಟ್ಟಿರುತ್ತದೆ. ಕಾಲಿಟ್ಟಲ್ಲೆಲ್ಲ ಮಿಡತೆಗಳು ಚಿಮ್ಮುತ್ತವೆ. ಬದುವಿನ ಮೇಲೆ ಇಬ್ಬರು ಜೊತೆಜೊತೆಯಾಗಿ ನಡೆಯಲು ಆಗುವುದಿಲ್ಲ. ಮುಂದೆ ಹೋಗುವವರ ಬೆನ್ನಿನ ಜೊತೆ ಮಾತಾಡಬೇಕು. ಹಾಗಾಗಿ ಮಾತು ಬೇಗ ನಿಲ್ಲುತ್ತದೆ. ಅದೂ ಒಳ್ಳೆಯದೇ ಅನ್ನಿ.

ಸಮುದ್ರ ಮೊದಲು ಕಳಿಸುವುದು ಗಾಳಿಯನ್ನು. ಬಿಸಿಲೇರುವವರೆಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಇದಕ್ಕೆ ಬಾಣದ ಗುರುತು ಹಾಕಿ ಅಂಕ ತಗೊಂಡಿದ್ದೆ. ಆ ಬಾಣ ನಿಜವಾಗಿ ಬಂದು ಬೆವರಿದ ಹಣೆಗೆ ತಾಗುವುದು ಇಲ್ಲಿ.

ಗಾಳಿಯ ಹಿಂದೆಯೇ ವಾಸನೆ. ನಾವು ಸುಮ್ನೆ ಉಪ್ಪಿನ ವಾಸನೆ ಅನ್ನುತ್ತೇವೆ. ಉಪ್ಪಿಗೆಲ್ಲಿಯ ವಾಸನೆ? ಅದರಲ್ಲಿ ಮುಖ್ಯವಾದದ್ದು ಡೈಮೀಥೈಲ್ ಸಲ್ಫೈಡ್ ಅನ್ನುವ ಅನಿಲ. ಕಣ್ಣಿಗೆ ಕಾಣದ ಪಾಚಿಗಳಲ್ಲಿರುವ ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹುಟ್ಟುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ನನ್ನ ಮೂಗು ಅದನ್ನು ಉಪ್ಪು ಅಂತಲೇ ಕರೆಯುತ್ತದೆ.

ಅಷ್ಟರಲ್ಲಿ ಕಾಲಿಗೂ ಸುದ್ದಿ ಮುಟ್ಟುತ್ತದೆ. ಗಟ್ಟಿ ಮಣ್ಣು ಸಡಿಲವಾಗಿ, ಹೆಜ್ಜೆ ಸ್ವಲ್ಪ ಸ್ವಲ್ಪ ಹೂತುಕೊಳ್ಳತೊಡಗುತ್ತದೆ. ಮರಗಳೆಲ್ಲ ಸಮುದ್ರದ ಜೊತೆ ಮುನಿಸಿಕೊಂಡ ಹಾಗೆ ಈ ಕಡೆಗೆ ಬಾಗಿರುತ್ತವೆ. ಅಲೆಯ ಸದ್ದೂ ಕೇಳಿಸುತ್ತದೆ. ಇನ್ನೇನು ಬಂತು! ಅದೋ ಆ ದಿಬ್ಬ ದಾಟಿದರೆ ಸಾಕು. ದಾಟಿದರೆ ಇನ್ನೊಂದು ಗದ್ದೆ. ಈ ಮೋಸಕ್ಕೆ ನಾನು ಪ್ರತಿ ಸಲವೂ ಬೀಳುತ್ತೇನೆ. ಬೀಳುವುದಕ್ಕೇ ಈ ದಾರಿಯಲ್ಲಿ ಬರುತ್ತೇನೋ ಏನೋ.

ಕೊನೆಗೂ ಮರಳು ಸಿಕ್ಕಿತು ಅಂತ ಆತುರದಲ್ಲಿ ಚಪ್ಪಲಿ ಕೈಗೆ ತಗೊಂಡಿರೋ, ಕೆಟ್ಟಿರಿ. ಒಣಮರಳು ಕಾದ ಬಾಣಲೆ. ಅಲ್ಲಿಂದ ನೀರಿನವರೆಗೆ ಯಾರೂ ಗಂಭೀರವಾಗಿ ನಡೆದದ್ದನ್ನು ನಾನು ನೋಡಿಲ್ಲ. ದೊಡ್ಡವರೂ ಕುಣಿಯುತ್ತಲೇ ಓಡುತ್ತಾರೆ. ಒದ್ದೆ ಮರಳು ಪಾದಕ್ಕೆ ಸಿಕ್ಕ ಆ ಕ್ಷಣ ಬಾಯಿಂದ ಬರುವ 'ಹಾ' ಇದೆಯಲ್ಲ, ಅದಕ್ಕೆ ಬೇರೆ ಅರ್ಥ ಬೇಕಿಲ್ಲ.

ಆಮೇಲೆ ಒಂದೇ ಒಂದು ಪೇಚಾಟ. ನಿಂತವರ ಕಣ್ಣಿಗೆ ನೀರೂ ಆಕಾಶವೂ ಕೂಡುವ ಗೆರೆ ಸುಮಾರು 5 ಕಿಲೋಮೀಟರ್ ದೂರದಲ್ಲಿರುತ್ತದೆ. ಮರಳ ಮೇಲೆ ಕೂತರೆ ಅದು 3 ಕಿಲೋಮೀಟರಿನ ಆಸುಪಾಸಿಗೆ ಬಂದುಬಿಡುತ್ತದೆ. ಅಂದರೆ ಕೂತ ಕೂಡಲೇ ಹತ್ತಿರ ಹತ್ತಿರ 2 ಕಿಲೋಮೀಟರ್ ಸಮುದ್ರ ಲುಕ್ಸಾನು! ಇಷ್ಟು ದೂರ ಬೆವರಿಳಿಸಿಕೊಂಡು ಬಂದು ಅಷ್ಟನ್ನು ಬಿಟ್ಟುಕೊಡುವುದಾ ಅಂತ ಸ್ವಲ್ಪ ಹೊತ್ತು ನಿಂತೇ ನೋಡುತ್ತೇನೆ.

ಆಮೇಲೆ ಕೂತುಬಿಡುತ್ತೇನೆ.