ಎರಡೂ ಒಂದೇ ಸರ್

ಮೊನ್ನೆ ಅಮ್ಮನ ಬಿಪಿ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದೆ. ಚೀಟಿಯಲ್ಲಿದ್ದ ಕಂಪನಿಯದು ಇರಲಿಲ್ಲ. ಅಂಗಡಿ ಹುಡುಗ ಬೇರೊಂದು ಸ್ಟ್ರಿಪ್ ಮುಂದಿಟ್ಟು ‘ಎರಡೂ ಒಂದೇ ಸರ್’ ಅಂದ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಆಗಬಹುದು ಅಂದರು. ದುಡ್ಡು ಕೊಟ್ಟರೆ, ವಾಪಸು ಬರಬೇಕಿದ್ದ ಎರಡು ರೂಪಾಯಿಯ ಬದಲು ಗಂಟಲಿಗೆ ಚೀಪುವ ಎರಡು ಗುಳಿಗೆ ನನ್ನ ಅಂಗೈಗೆ ಬಂದವು. ಚಿಲ್ಲರೆ ಇಲ್ಲವಂತೆ.

ಮನೆಯಲ್ಲಿ ಅಮ್ಮ ಮಾತ್ರೆಯನ್ನು ಬೆಳಕಿಗೆ ಹಿಡಿದಳು. ‘ಅದು ಬಿಳಿ, ಇದು ಗುಲಾಬಿ. ಒಂದೇ ಹೇಗಾಗತ್ತೋ?’

ಆಗುವ ಬಗೆ ಸ್ವಾರಸ್ಯವಾಗಿದೆ. ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಸಾಮಾನ್ಯವಾಗಿ ಆರೋಗ್ಯವಂತರಿಗೇ ನುಂಗಿಸಿ, ರಕ್ತದಲ್ಲಿ ಔಷಧ ಎಷ್ಟು ಎತ್ತರಕ್ಕೆ ಏರಿತು, ಒಟ್ಟು ಎಷ್ಟು ಸೇರಿತು ಎಂದು ಅಳೆಯುತ್ತಾರೆ. ಹೊಸದರ ಲೆಕ್ಕ, ಅಂದಾಜಿನ ಏರುಪೇರನ್ನೂ ಸೇರಿಸಿಕೊಂಡು, ಹಳೆಯದರ ಶೇಕಡಾ 80ರಿಂದ 125ರ ಒಳಗಿದ್ದರೆ ಎರಡೂ ಸಮ. ಕೆಳಗೆ 20 ಬಿಟ್ಟವರು ಮೇಲೆ 25 ಯಾಕೆ ಬಿಟ್ಟರು, ಕಂಪನಿಗಳ ಮೇಲೆ ಇದೇನು ಪ್ರೀತಿ ಅಂತ ನನಗೆ ಬಹಳ ದಿನ ಗುಮಾನಿಯಿತ್ತು. ಆಮೇಲೆ ಹೊಳೆಯಿತು: 80 ಅಂದರೆ ಐದನೇ ನಾಲ್ಕು, ಅದನ್ನು ತಲೆಕೆಳಗು ಮಾಡಿದರೆ ನಾಲ್ಕನೇ ಐದು, ಅಂದರೆ 125. ಯಾವ ಮಾತ್ರೆಯನ್ನು ಮೇಲಿಟ್ಟು ಭಾಗಿಸಿದರೂ ತೀರ್ಪು ಅದೇ. ಗಣಿತದ ಮೇಷ್ಟ್ರುಗಳ ಹಟವೂ ಇದೇ: ಇದು ಅದಕ್ಕೆ ಸಮ ಅಂದಮೇಲೆ ಅದೂ ಇದಕ್ಕೆ ಸಮವಾಗಲೇಬೇಕು.

ನಮ್ಮ ಬಾಯಿಮಾತಿನ ‘ಒಂದೇ’ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ‘ಸೊಸೆ ನಮಗೆ ಮಗಳಿದ್ದ ಹಾಗೆ’ ಅನ್ನುತ್ತಾರೆ. ‘ಮಗಳು ನಮಗೆ ಸೊಸೆಯಿದ್ದ ಹಾಗೆ’ ಅಂದ ಹೆತ್ತವರನ್ನು ನಾನಿನ್ನೂ ಕಂಡಿಲ್ಲ. ಸಮ ಎಂಬ ಪದವೇ ಅಷ್ಟು ನೆಟ್ಟಗಿಲ್ಲ. ಅಪ್ಪ ‘ಸಮಾ ಬೈದರು’ ಅಂದರೆ ಅಳೆದು ತೂಗಿ ಬೈದರು ಅಂತಲ್ಲ. ಮಂಗಳೂರು ಕಡೆಯವರು ‘ಅವ ಸಮ ಇಲ್ಲ ಮಾರಾಯ್ರೆ’ ಅಂದರೆ ಅಲ್ಲಿ ತಕ್ಕಡಿಗೆ ಕೆಲಸವೇ ಇಲ್ಲ.

ಸರ್ಕಾರಿ ಭಾಷೆಯಲ್ಲಿ ಇದು ಇನ್ನೂ ಎರಡು ಅಕ್ಷರ ಉದ್ದವಾಗಿ ‘ತತ್ಸಮಾನ’ ಆಗುತ್ತದೆ. ‘ಪಿಯುಸಿ ಅಥವಾ ತತ್ಸಮಾನ’ ಎಂಬ ಜಾಹೀರಾತು ನಂಬಿ ಹೊರರಾಜ್ಯದ ಅಂಕಪಟ್ಟಿ ಹಿಡಿದು ಹೋದ ನನ್ನ ಅಕ್ಕನ ಮಗನಿಗೆ, ‘ಹೌದಪ್ಪ, ತತ್ಸಮಾನವೇ. ಹಾಗಂತ ಒಂದು ಸರ್ಟಿಫಿಕೇಟ್ ತಗೊಂಬಾ’ ಅಂದರಂತೆ.

ಮರುದಿನ ಹತ್ತಿ, ಬ್ಯಾಂಡೇಜ್ ಬೇಕಾಗಿ ಅದೇ ಅಂಗಡಿಗೆ ಹೋದೆ. ಐವತ್ತೆರಡು ರೂಪಾಯಿ ಬಿಲ್ಲು. ಐವತ್ತರ ನೋಟಿನ ಮೇಲೆ ಆ ಎರಡು ಗುಳಿಗೆ ಇಟ್ಟೆ. ಹುಡುಗ ಗುಳಿಗೆ ನೋಡಿದ, ನನ್ನನ್ನು ನೋಡಿದ. ‘ಹಂಗೆಲ್ಲ ತಗೊಳಲ್ಲ ಸರ್.’

‘ನಿನ್ನೆ ನೀನೇ ಒಂದೇ ಅಂದೆಯಲ್ಲ?’

‘ಅದು ಮಾತ್ರೆಗೆ ಅಂದಿದ್ದು.’

ಅವನ ವಾದದಲ್ಲಿ ಹುಳುಕಿರಲಿಲ್ಲ. ಹಾಗೆ ನೋಡಿದರೆ ನಾಣ್ಯಕ್ಕೇ ಅಷ್ಟು ಧೈರ್ಯವಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಸಾವಿರ ರೂಪಾಯಿಯ ಪಾವತಿಯವರೆಗೆ ಮಾತ್ರ ಸಲ್ಲುತ್ತವೆ. ಎಂಟಾಣೆಯಾದರೆ ಬರೀ ಹತ್ತು ರೂಪಾಯಿಯವರೆಗೆ. ಹುಂಡಿ ಒಡೆದು ಮೂಟೆ ಕಟ್ಟಿಕೊಂಡು ಟಿವಿ ಕೊಳ್ಳಲು ಹೋದವನಿಗೆ ಅಂಗಡಿಯವನು ಬೇಡ ಅನ್ನಬಹುದು. ರೂಪಾಯಿ ರೂಪಾಯಿಗೆ ಸಮ, ಆದರೆ ಗುಂಪಾಗಿ ಬರಬಾರದು!

ಗುಳಿಗೆಗಳು ಮತ್ತೆ ನನ್ನ ಜೇಬು ಸೇರಿದವು. ರಾತ್ರಿ ಅಮ್ಮನಿಗೆ ಒಣಕೆಮ್ಮು ಹತ್ತಿತು. ಒಂದನ್ನು ಬಿಚ್ಚಿ ಕೊಟ್ಟೆ. ಐದು ನಿಮಿಷ ಚೀಪಿ, ಕೆಮ್ಮು ನಿಂತ ಮೇಲೆ ಕೇಳಿದಳು: ‘ಇದೆಷ್ಟೋ, ಒಂದು ರೂಪಾಯಿನಾ? ಪರವಾಗಿಲ್ಲ. ಇನ್ನೊಂದೂ ಇಲ್ಲೇ ಇಟ್ಟು ಹೋಗು.’